ವಿಟ್‌ಫೀಲ್ಡ್ ಮುಲಾಮು: ಒಣ ಗಜಕರ್ಣಕ್ಕೆ ಸೈ, ನೆನೆದ ಬೆರಳಿಗೆ ಬೇಡ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಮೆಡಿಕಲ್‌ಗೆ ಹೋಗಿ ಸುಮ್ಮನೆ ‘ತುರಿಕೆಗೆ ಕ್ರೀಮು ಕೊಡಿ’ ಅನ್ನಬೇಡಿ. ಸ್ಟೀರಾಯ್ಡ್ ಬೆರೆತ ಟ್ಯೂಬು ಕೈಗೆ ಬಂದೀತು. ಅದನ್ನು ಹಚ್ಚಿದರೆ ತುರಿಕೆ ಬೇಗ ಅಡಗುತ್ತದೆ, ಗಜಕರ್ಣ ಮಾತ್ರ ಹರಡುತ್ತಲೇ ಇರುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ವಿಟ್‌ಫೀಲ್ಡ್ ಎಂದು ಹೆಸರು ಹೇಳಿಯೇ ಕೇಳಿ. ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಮದ್ದಿದು. ಬೆಂಜೋಯಿಕ್ ಆಮ್ಲ 6%, ಸ್ಯಾಲಿಸಿಲಿಕ್ ಆಮ್ಲ 3% ಇದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ.

ಸ್ಯಾಲಿಸಿಲಿಕ್ ಚರ್ಮದ ಮೇಲ್ಪದರವನ್ನು ಸುಲಿಸುತ್ತದೆ. ಬೆಂಜೋಯಿಕ್ ಗಜಕರ್ಣದ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಹಾಗಾಗಿ ಸೋಂಕು ಹಿಡಿದ ಪದರ ಪೂರ್ತಿ ಉದುರುವವರೆಗೂ ಬಿಡುವ ಹಾಗಿಲ್ಲ: ದಿನಕ್ಕೆ 2 ಸಲ, ಕನಿಷ್ಠ 4 ವಾರ. ಹತ್ತನೇ ದಿನಕ್ಕೆ ಮಚ್ಚೆ ಮಾಸಿತೆಂದು ನಿಲ್ಲಿಸಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ತೋರುಬೆರಳಿನ ತುದಿಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲ ಜಾಗಕ್ಕೆ ಸಾಕು. ಮಚ್ಚೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಸವರಿ. ಶಿಲೀಂಧ್ರ ಬೆಳೆಯುವುದೇ ಅಂಚಿನಲ್ಲಿ.

ರೇಷ್ಮೆ ಬಿಚ್ಚಾಣಿಕೆಯವರು ಇಲ್ಲಿ ಎಚ್ಚರವಾಗಿರಬೇಕು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಬೆರಳ ಸಂದು ಬೆಳ್ಳಗೆ ನೆನೆದು ಬಿರಿದಿದ್ದರೆ ಅದು ಕ್ಯಾಂಡಿಡಾ ಎಂಬ ಯೀಸ್ಟ್ ಇರಬಹುದು. ಈ ಮುಲಾಮು ಅದಕ್ಕೆ ಮದ್ದಲ್ಲ, ಮೇಲಾಗಿ ವಿಪರೀತ ಉರಿ. ಮುಖಕ್ಕೆ, ತೊಡೆಸಂದಿಗೆ, ಹಸಿ ಗಾಯಕ್ಕೆ ಕೂಡ ಬೇಡ. ಅನುಮಾನವಿದ್ದರೆ ಚರ್ಮದ ವೈದ್ಯರಲ್ಲಿ ಕೆರೆಸಿ ನೋಡಿಸಿ. ಅಂಚಿನ ಹೊಟ್ಟನ್ನು ಬ್ಲೇಡಿನಲ್ಲಿ ಕೆರೆದು, 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ನೆನೆಸಿಟ್ಟರೆ ಚರ್ಮದ ಕೋಶಗಳು ಕರಗಿ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕಾಣುತ್ತವೆ. ವಿಟ್‌ಫೀಲ್ಡ್ ಕಾಲದ ವೈದ್ಯರೂ ಹೀಗೇ ಪತ್ತೆ ಹಚ್ಚುತ್ತಿದ್ದರು. ಮುಲಾಮು ಹಚ್ಚಿಕೊಂಡೇ ಹೋದರೆ ಎಳೆ ಸಿಗದೆ ಹೋಗಬಹುದು.

ಮಕ್ಕಳ ತಲೆಯ ಹುಳುಕಡ್ಡಿಗೆ ಇದನ್ನು ನೆಚ್ಚಿಕೊಳ್ಳಬೇಡಿ, ಕೂದಲ ಬೇರಿಗೆ ಇಳಿಯುವುದಿಲ್ಲ. ಆ ಕಾರಣಕ್ಕೇ 1904ರಲ್ಲಿ ಪ್ಯಾರಿಸ್ಸಿನ ಚರ್ಮವೈದ್ಯ ಸಾಬುರೋ ಎಕ್ಸ್‌ರೇ ಹಾಯಿಸಿ ಕೂದಲನ್ನೇ ಉದುರಿಸುವ ವಿಧಾನ ತಂದರು. ಈಗ ಅದಕ್ಕೆ ಮಾತ್ರೆಗಳಿವೆ. ಉಗುರಿನದಕ್ಕೂ ಮಾತ್ರೆಯೇ ಬೇಕಾದೀತು.

ಕೆಲವು ಡಬ್ಬಿಗಳಲ್ಲಿ ಆಮ್ಲದ ಹರಳು ಸರಿಯಾಗಿ ಅರೆದಿರುವುದಿಲ್ಲ. ಎರಡು ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ತಗುಲಿದರೆ ಹಿಂತಿರುಗಿಸಿ, ಚರ್ಮ ಗೀಚುತ್ತದೆ. ಜಿಡ್ಡು ವಿಪರೀತ, ಪಾದಕ್ಕೆ ಹಚ್ಚಿದ ರಾತ್ರಿ ಹಳೇ ಹತ್ತಿ ಕಾಲುಚೀಲ ಹಾಕಿಕೊಂಡರೆ ಹಾಸಿಗೆ ಉಳಿಯುತ್ತದೆ.