ಲಾಂಗ್ ಆರ್ಮ್: ಡ್ರಾಪ್ ಬ್ರಾಕೆಟ್, ರೇಡಿಯಸ್ ಆರ್ಮ್, ತ್ರೀ-ಲಿಂಕ್ ಹೋಲಿಕೆ

ಆಕ್ಸಲ್ ಅನ್ನು ಚಾಸಿಗೆ ಹಿಡಿದಿಡುವ ಸರಳುಗಳೇ ಆರ್ಮ್. ಗಾಡಿಯನ್ನು ಎತ್ತರಿಸಿದಾಗ (ಲಿಫ್ಟ್) ಅವು ಕಡಿದಾಗಿ ವಾಲುತ್ತವೆ, ಅದನ್ನು ಸರಿಪಡಿಸುವ ಮೂರು ದಾರಿಗಳ ಹೋಲಿಕೆ ಇದು. ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಆಕ್ಸಲ್‌ಗೆ ನನ್ನ ಓಟು ತ್ರೀ-ಲಿಂಕ್‌ಗೆ. ರೇಡಿಯಸ್ ಆರ್ಮ್ ಕಿಟ್ ಕೊಂಡು, ಅದರ ಬುಷ್‌ಗಳ (ಜಾಯಿಂಟ್ ಒಳಗಿನ ರಬ್ಬರ್ ಥರದ ಉಂಗುರ) ಜೊತೆ ಗುದ್ದಾಡಿ, ಕೊನೆಗೆ ಬಿಚ್ಚಿ ಹಾಕಿದ ಮೇಲೆ ಬಂದ ಅಭಿಪ್ರಾಯ ಇದು. ಆದ್ದರಿಂದ ಪಕ್ಷಪಾತ ಇದೆ ಎಂದುಕೊಂಡೇ ಓದಿ. ಇಲ್ಲಿರುವ ಲೆಕ್ಕವೆಲ್ಲ 4 ಇಂಚು ಲಿಫ್ಟ್, 35 ಇಂಚಿನ ಟೈರ್ ಇರುವ ಜೀಪ್ ಟಿಜೆ ರ್‍ಯಾಂಗ್ಲರ್‌ಗೆ (1997–2006) ಸಂಬಂಧಿಸಿದ್ದು. ಮುಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಇರುವ ಬೇರೆ ಗಾಡಿಗೂ ತರ್ಕ ಇದೇ.

ಕಂಪನಿಯಿಂದ ಬರುವ ಕೆಳ ಆರ್ಮ್ ಸುಮಾರು 16 ಇಂಚು ಉದ್ದ. ಅದು ನೆಲಕ್ಕೆ ಸಮಾನಾಂತರವಾಗಿದ್ದಾಗ ಗಾಡಿಯನ್ನು 4 ಇಂಚು ಎತ್ತಿದರೆ 14 ಡಿಗ್ರಿಗೂ ಹೆಚ್ಚು ವಾಲುತ್ತದೆ. ಚಕ್ರ ಇನ್ನೂ 4 ಇಂಚು ಜೋತುಬಿದ್ದರೆ 30 ಡಿಗ್ರಿ, ಅಷ್ಟರಲ್ಲಿ ಆಕ್ಸಲ್ 2 ಇಂಚಿಗೂ ಹೆಚ್ಚು ಹಿಂದಕ್ಕೆ ಸರಿದಿರುತ್ತದೆ. ಅದೇ ಜಾಗದಲ್ಲಿ 33 ಇಂಚಿನ ಆರ್ಮ್ ಹಾಕಿದರೆ ಕೋನ 14 ಡಿಗ್ರಿ, ಹಿಂದೆ ಸರಿಯುವುದು ಹೆಚ್ಚೂಕಡಿಮೆ 1 ಇಂಚು. ಲಿಫ್ಟ್ ಮಾಡಿದ ಗಾಡಿ ಸಣ್ಣ ಗುಂಡಿಗೂ ಢಣ್ ಎನ್ನುವುದಕ್ಕೆ ಕಾರಣ ಇಲ್ಲೇ ಇದೆ. ಆರ್ಮ್ ಕಡಿದಾಗಿ ಇಳಿದಿದ್ದಾಗ ಚಕ್ರ ಮೇಲೇರಬೇಕಾದರೆ ಜೊತೆಗೆ ಮುಂದಕ್ಕೂ ಹೋಗಬೇಕು. ಎದುರಿಗಿರುವ ಕಲ್ಲು ಅದನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಆ ಏಟು ಸ್ಪ್ರಿಂಗ್‌ಗೆ ಹೋಗದೆ ಆರ್ಮ್ ಮೂಲಕ ನೇರ ಚಾಸಿಗೆ ಬಡಿಯುತ್ತದೆ. ಶಾಕ್ ಬದಲಾಯಿಸಿದರೆ ಇದು ಹೋಗುವುದಿಲ್ಲ.

ಡ್ರಾಪ್ ಬ್ರಾಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇ ಆರ್ಮ್‌ನ ಚಾಸಿ ಕಡೆಯ ತುದಿಯನ್ನೇ ಕೆಳಗಿಳಿಸುವ ಈ ಉಪಾಯ ಅಗ್ಗ, ಬೋಲ್ಟ್ ಬಿಗಿದರೆ ಮುಗಿಯಿತು. ರಸ್ತೆಯಲ್ಲಿ ನಿಜಕ್ಕೂ ಚೆನ್ನಾಗಿ ಓಡುತ್ತದೆ, ಇದನ್ನು ಗೇಲಿ ಮಾಡುವವರು ಓಡಿಸಿ ನೋಡಿರುವುದಿಲ್ಲ. ಆದರೆ ಲಿಫ್ಟ್‌ನಿಂದ ಗಳಿಸಿದ ಎತ್ತರವನ್ನು ಬ್ರಾಕೆಟ್ ಇರುವಲ್ಲಿ ವಾಪಸ್ ಕೊಟ್ಟ ಹಾಗೆ. ಬಂಡೆಗೆ ಮೊದಲು ತಗಲುವುದೂ ಅದೇ. ಬಲ ಬೀಳುವ ಜಾಗ ಬೋಲ್ಟ್‌ಗಿಂತ ನಾಲ್ಕು ಇಂಚು ಕೆಳಗಿರುವುದರಿಂದ ಪ್ರತಿ ಬ್ರೇಕ್‌ಗೂ ಬ್ರಾಕೆಟ್ ಮುರಿಯುವ ದಿಕ್ಕಿಗೆ ಎಳೆತ ಬೀಳುತ್ತದೆ. ಅಡ್ಡ ಸಪೋರ್ಟ್ ಇಲ್ಲದ್ದನ್ನು ಕೊಳ್ಳಬೇಡಿ.

ಇನ್ನು ರೇಡಿಯಸ್ ಆರ್ಮ್. ಎರಡೂ ಕಡೆ ಒಂದೊಂದು ಉದ್ದ ಕೆಳ ಆರ್ಮ್, ಅದರ ಬೆನ್ನಿಗೇ ಒಂದು ಗಿಡ್ಡ ಮೇಲ್ ಆರ್ಮ್. ಚಾಸಿಗೆ ಸೇರುವುದು ಪ್ರತಿ ಕಡೆ ಒಂದೇ ಜಾಯಿಂಟ್. ಅದಕ್ಕೇ ಫಿಟಿಂಗ್ ಸುಲಭ, ಎಕ್ಸಾಸ್ಟ್ ಪೈಪ್‌ಗೆ ಅಡ್ಡ ಬರುವುದಿಲ್ಲ, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸೆಟ್ ಮಾಡುವುದೂ ಸರಾಗ. ಹೆದ್ದಾರಿಯಲ್ಲಿ ಇದರ ಹಿಡಿತಕ್ಕೆ ಮಾರುಹೋಗದವರಿಲ್ಲ, ತಿರುವಿನಲ್ಲಿ ಗಾಡಿ ವಾಲುವುದೇ ಕಡಿಮೆ. ಆ ಹಿಡಿತ ಎಲ್ಲಿಂದ ಬಂತು ಅನ್ನುವುದರಲ್ಲೇ ಅದರ ಕಾಯಿಲೆಯೂ ಇದೆ.

ಎಡ ಚಕ್ರ ಬಂಡೆ ಹತ್ತಿ 4 ಇಂಚು ಮೇಲೇರಿತು, ಬಲ ಚಕ್ರ ಗುಂಡಿಗೆ ಇಳಿದು 4 ಇಂಚು ಕೆಳಗೆ ಹೋಯಿತು ಎನ್ನಿ. 33 ಇಂಚಿನ ಆರ್ಮ್‌ಗೆ ಎಡಗಡೆ 7 ಡಿಗ್ರಿ ಮೇಲಕ್ಕೆ, ಬಲಗಡೆ 7 ಡಿಗ್ರಿ ಕೆಳಕ್ಕೆ. ಪ್ರತಿ ಆರ್ಮ್ ಆಕ್ಸಲ್ ಅನ್ನು ಮೇಲೊಂದು ಕೆಳಗೊಂದು ಬುಷ್‌ನಿಂದ ಗಟ್ಟಿಯಾಗಿ ಹಿಡಿದಿರುವುದರಿಂದ, ಎಡ ಆರ್ಮ್ ಆಕ್ಸಲ್ ಪೈಪನ್ನು ಒಂದು ದಿಕ್ಕಿಗೂ ಬಲ ಆರ್ಮ್ ಇನ್ನೊಂದು ದಿಕ್ಕಿಗೂ ತಿರುಗಿಸಲು ನೋಡುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಪೈಪ್ ಬಗ್ಗುವುದಿಲ್ಲ. ಆ 14 ಡಿಗ್ರಿ ವ್ಯತ್ಯಾಸವನ್ನು ನಾಲ್ಕು ಬುಷ್‌ಗಳೇ ನುಂಗಬೇಕು. ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಬಿಚ್ಚಿದರೂ ಚಕ್ರ ಪೂರ್ತಿ ಜೋತುಬೀಳದಿರುವುದು ಇದಕ್ಕೇ, ಆಕ್ಸಲ್ಲೇ ಸ್ವೇ ಬಾರ್ ಆಗಿ ಕೂತಿರುತ್ತದೆ.

ಹಾಗಾದರೆ ಸುಜುಕಿ ಜಿಮ್ನಿ, ಲ್ಯಾಂಡ್ ಕ್ರೂಸರ್ 80, ಹಳೇ ಬ್ರಾಂಕೊಗಳಲ್ಲಿ ಕಂಪನಿಯೇ ರೇಡಿಯಸ್ ಆರ್ಮ್ ಕೊಟ್ಟಿತ್ತಲ್ಲ ಎಂದು ಕೇಳಬಹುದು. ಅಲ್ಲಿ ಬುಷ್‌ಗಳು ಮೆತ್ತಗಿನ ರಬ್ಬರ್, ಚಕ್ರದ ಓಡಾಟವೂ ಮಿತಿಯಲ್ಲಿ. ಲಾಂಗ್ ಆರ್ಮ್ ಹಾಕುವುದೇ ಓಡಾಟ ಹೆಚ್ಚಿಸಲು. ಅದೇ ಜೋಡಣೆಗೆ ದುಪ್ಪಟ್ಟು ಕೆಲಸ ಕೊಟ್ಟರೆ ಮೆತ್ತಗಿನ ಬುಷ್ ಹರಿಯುತ್ತದೆ. ಹರಿಯದಿರಲಿ ಎಂದು ಗಟ್ಟಿ ಪಾಲಿಯುರೆಥೇನ್ ಹಾಕಿದರೆ ಅದು ಉಳಿದು, ಆಕ್ಸಲ್ ಮೇಲಿನ ಬ್ರಾಕೆಟ್‌ನ ವೆಲ್ಡ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ. ಬುಷ್ ಹೋದರೆ ಸದ್ದು ಬಂದು ಎಚ್ಚರಿಸುತ್ತದೆ. ಬಿರುಕು ಸುಮ್ಮನೆ ಬೆಳೆಯುತ್ತದೆ.

ಪತ್ತೆ ಹಚ್ಚುವುದು ಹೀಗೆ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿದು ಫೋರ್-ವೀಲ್‌ನಲ್ಲಿ ಡ್ರೈವ್‌ನಿಂದ ರಿವರ್ಸ್‌ಗೆ, ರಿವರ್ಸ್‌ನಿಂದ ಡ್ರೈವ್‌ಗೆ ಹಾಕಲಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ಆಕ್ಸಲ್ ಕಡೆಯ ಮೇಲಿನ ಬುಷ್ ನೋಡಲಿ (ಗಾಡಿಯ ಎದುರೂ ಬೇಡ, ಅಡಿಗೂ ಬೇಡ). ಒಳಗಿನ ಉಕ್ಕಿನ ಕೊಳವೆ ಕಣ್ಣಿಗೆ ಕಾಣುವಷ್ಟು ಸರಿದರೆ ಬುಷ್ ಮುಗಿದಿದೆ. ಎಂಜಿನ್ ಆರಿಸಿದ ಮೇಲೆ ಬ್ರಾಕೆಟ್ ಬುಡದ ಮಣ್ಣು ತೊಳೆದು, ವೆಲ್ಡ್ ಪೈಪ್ ಸೇರುವ ಗೆರೆಯಲ್ಲಿ ತುಕ್ಕಿನ ಕೆಂಪು ಎಳೆ ಇದೆಯಾ ನೋಡಿ. ಬಣ್ಣ ಸೀಳಿ ಹೊರಬಂದ ತುಕ್ಕು ಅಂದರೆ ಬಿರುಕು ಅಂತಲೇ ಅರ್ಥ.

ಒಂದು ಕಡೆಯ ಮೇಲ್ ಆರ್ಮ್ ಬಿಚ್ಚಿಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಬಿಚ್ಚಿದ ಕೂಡಲೇ ಚಕ್ರ ಸರಾಗವಾಗಿ ಇಳಿಯುವುದೂ ನಿಜ. ಆದರೆ ಆಕ್ಸಲ್ ಉರುಳದಂತೆ ತಡೆಯುವ ಬಲವೆಲ್ಲ ಉಳಿದ ಒಂದೇ ಗಿಡ್ಡ ಆರ್ಮ್‌ಗೆ, ಅದು ಕೂತಿರುವ ತೆಳು ಕಿವಿಗೆ ಬೀಳುತ್ತದೆ. ಮೇಲಿನ ಕೆಳಗಿನ ಜಾಯಿಂಟ್‌ಗಳ ಅಂತರ ಅರ್ಧವಾದರೆ ಬಲ ಎರಡರಷ್ಟಾಗುತ್ತದೆ, ಈ ಕಿಟ್‌ಗಳಲ್ಲಿ ಅಂತರವೇ ಕಡಿಮೆ. ಹಾಗೆ ಒಂದೇ ಮೇಲ್ ಆರ್ಮ್‌ನಲ್ಲಿ ಓಡಿಸುವುದಾದರೆ ಅದಕ್ಕೆಂದೇ ಅಳತೆ ಹಾಕಿ ಮಾಡಿದ್ದನ್ನು ಹಾಕಿಸುವುದು ವಾಸಿ. ಅದೇ ತ್ರೀ-ಲಿಂಕ್.

ತ್ರೀ-ಲಿಂಕ್‌ನಲ್ಲಿ ಎರಡು ಉದ್ದ ಕೆಳ ಆರ್ಮ್, ಚಾಸಿಗೆ ಪ್ರತ್ಯೇಕವಾಗಿ ಸೇರುವ ಒಂದೇ ಮೇಲ್ ಆರ್ಮ್, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಟ್ರ್ಯಾಕ್ ಬಾರ್. ಹಿಂಡುವಿಕೆ ಇಲ್ಲವೇ ಇಲ್ಲ. ರೂಢಿಯ ಅಳತೆಗಳು ಹೀಗಿವೆ: ಆಕ್ಸಲ್ ಕಡೆ ಮೇಲ್-ಕೆಳ ಜಾಯಿಂಟ್‌ಗಳ ನಡುವೆ ಟೈರ್ ಎತ್ತರದ ಕಾಲು ಭಾಗ, ಅಂದರೆ 35 ಇಂಚಿನ ಟೈರ್‌ಗೆ 8.75 ಇಂಚು. ಚಾಸಿ ಕಡೆ ಅದಕ್ಕಿಂತ ಕಡಿಮೆ. ಮೇಲ್ ಆರ್ಮ್ ಉದ್ದ ಕೆಳಗಿನದರ ಶೇ. 70–75, ಹಾಗಾಗಿ 33ಕ್ಕೆ 23ರಿಂದ 25 ಇಂಚು. ಕೆಳ ಆರ್ಮ್‌ಗೆ 2 ಇಂಚು ಹೊರವ್ಯಾಸದ, ಕಾಲು ಇಂಚು ದಪ್ಪದ ಡಿಒಎಂ (ಒಳಗೆ ದಂಡ ಇಟ್ಟು ಎಳೆದ ಉಕ್ಕಿನ) ಪೈಪ್‌ಗಿಂತ ಕಡಿಮೆ ಬೇಡ.

ಕಷ್ಟ ಇರುವುದು ಜಾಗ ಹುಡುಕುವುದರಲ್ಲಿ. ಎಕ್ಸಾಸ್ಟ್, ಪ್ರೊಪೆಲ್ಲರ್ ಶಾಫ್ಟ್, ಆಯಿಲ್ ಪ್ಯಾನ್ ಮೂರರ ನಡುವೆ ಮೇಲ್ ಆರ್ಮ್ ನುಸುಳಬೇಕು. ಸ್ಪ್ರಿಂಗ್ ತೆಗೆದು, ಬ್ರಾಕೆಟ್‌ಗೆ ಬರೀ ಚುಕ್ಕಿ ವೆಲ್ಡ್ ಹಾಕಿ, ಜ್ಯಾಕ್‌ನಿಂದ ಆಕ್ಸಲ್ ಅನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಓರೆಯಾಗಿ ಎರಡೂ ಕಡೆ ಓಡಿಸಿ ನೋಡದೆ ಪೂರ್ಣ ವೆಲ್ಡ್ ಮಾಡಬೇಡಿ. ಆಕ್ಸಲ್ ಪೈಪ್ ಮೇಲೆ ಒಂದೇ ಸಲಕ್ಕೆ ಉದ್ದ ಎಳೆದರೆ ಪೈಪ್ ಸೊಟ್ಟಗಾಗುತ್ತದೆ. ಒಂದೊಂದು ಇಂಚು, ಜಾಗ ಬದಲಿಸಿ, ಆರಲು ಬಿಟ್ಟು ಹಾಕಬೇಕು. ಡಿಫರೆನ್ಷಿಯಲ್ ಗೂಡು ಎರಕದ ಕಬ್ಬಿಣ, ಅದಕ್ಕೆ ಮುಂಚೆ ಬಿಸಿ ಕೊಟ್ಟು ನಿಕ್ಕಲ್ ರಾಡ್. ಚಾಸಿ ಮೇಲೆ ನೆಟ್ಟಗೆ ಅಡ್ಡಡ್ಡ ವೆಲ್ಡ್ ಗೆರೆ ಹಾಕಿದರೆ ಚಾಸಿ ಅಲ್ಲೇ ಸೀಳುತ್ತದೆ. ಬ್ಯಾಟರಿ ಕಳಚಿಡಿ.

ಸೆಟ್ಟಿಂಗ್‌ನಲ್ಲಿ ಟ್ರ್ಯಾಕ್ ಬಾರ್ ಮೊದಲು, ಆಕ್ಸಲ್ ನಡುಮಧ್ಯಕ್ಕೆ ಬರಬೇಕು. ಆಮೇಲೆ ಕೆಳ ಆರ್ಮ್‌ಗಳು, ಚಾಸಿಯ ಒಂದೇ ತೂತಿನಿಂದ ಎಡಬಲ ಅಳೆದು ಸಮ ಮಾಡಿ. ಕೊನೆಗೆ ಮೇಲ್ ಆರ್ಮ್‌ನಿಂದ ಕ್ಯಾಸ್ಟರ್, 5–6 ಡಿಗ್ರಿ. ಪಿನಿಯನ್ (ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್ ಮೂತಿ) ಒಂದು ಡಿಗ್ರಿ ಎತ್ತಿದರೆ ಕ್ಯಾಸ್ಟರ್ ಒಂದು ಡಿಗ್ರಿ ಹೋಗುತ್ತದೆ, ಎರಡೂ ಒಟ್ಟಿಗೆ ಬೇಕೆಂದರೆ ಆಕ್ಸಲ್ ತುದಿಯ ಸಿ ಆಕಾರದ ತುಂಡುಗಳನ್ನು ಕತ್ತರಿಸಿ ತಿರುಗಿಸಬೇಕು. ಟಿಜೆಯಲ್ಲಿ ಮುಂದಿನ ಶಾಫ್ಟ್ ಸದಾ ತಿರುಗುತ್ತಿರುವುದರಿಂದ ವೇಗದಲ್ಲಿ ಅದುರು ಬಂದರೆ ಮೊದಲು ಈ ಪಿನಿಯನ್ ಕೋನವನ್ನೇ ನೋಡಿ.

ಬಂಡೆಗೆ ತಾಗದಿರಲೆಂದು ಬಗ್ಗಿಸಿದ ಆರ್ಮ್ ಕೊಳ್ಳುವವರಿಗೆ ಒಂದು ಮಾತು: ಎರಡೂ ತುದಿಗೆ ಗುಂಡು ಜಾಯಿಂಟ್ ಹಾಕಿದರೆ ಆರ್ಮ್ ತನ್ನಷ್ಟಕ್ಕೇ ಉರುಳಿ ಬಾಗು ಕೆಳಮುಖವಾಗುತ್ತದೆ. ಒಂದು ತುದಿಗೆ ಬುಷ್ ಇರಲೇಬೇಕು. ನೇರ ಆರ್ಮ್ ಆದರೂ ಹೀಗೆ ಉರುಳಾಡುತ್ತಿದ್ದರೆ ಜಾಯಿಂಟನ್ನು ಅಲುಗದಂತೆ ಬಿಗಿದಿಡುವ ಜಾಮ್ ನಟ್ ಸಡಿಲವಾಗುತ್ತದೆ. ನಟ್ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಸರಿದದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ನೆಲದ ಮೇಲೆ ಪೂರ್ತಿ ಭಾರ ಹೊತ್ತು ನಿಂತಾಗಲೇ ಬಿಗಿಯಿರಿ.

ತ್ರೀ-ಲಿಂಕ್‌ನ ನಿಜವಾದ ಅಪಾಯ ಒಂದೇ. ಮೇಲ್ ಆರ್ಮ್ ಕೈಕೊಟ್ಟರೆ ಬದಲಿಗೆ ಇನ್ನೊಂದಿಲ್ಲ. ಬ್ರೇಕ್ ಒತ್ತಿದ ಕ್ಷಣ ಆಕ್ಸಲ್ ಉರುಳಿ ಶಾಫ್ಟನ್ನೂ ಬ್ರೇಕ್ ಪೈಪನ್ನೂ ಕಿತ್ತುಕೊಂಡು ಹೋಗುತ್ತದೆ. ಬಿಡಿ ಜಾಯಿಂಟ್, ಬಿಡಿ ಬೋಲ್ಟ್ ಗಾಡಿಯಲ್ಲೇ ಇರಬೇಕು.

ಹಿಂದಿನ ಆಕ್ಸಲ್‌ಗೆ ತ್ರಿಕೋನ ಫೋರ್-ಲಿಂಕ್, ಅಂದರೆ ಓರೆಯಾಗಿ ಕೂರಿಸಿದ ನಾಲ್ಕು ಆರ್ಮ್. ಟ್ರ್ಯಾಕ್ ಬಾರ್ ಬೇಕಾಗುವುದಿಲ್ಲ, ಆದರೆ ಲಿಂಕ್‌ಗಳ ಒಟ್ಟು ಓರೆ ಕೋನ 40 ಡಿಗ್ರಿಯಾದರೂ ಇರಲಿ. ಮುಂದೆ ಇದನ್ನು ಮಾಡಲು ಹೋಗಬೇಡಿ, ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು) ಇರುವ ಸ್ಟೀರಿಂಗ್‌ಗೆ ಟ್ರ್ಯಾಕ್ ಬಾರ್ ಜೊತೆಗಾರ ಬೇಕೇ ಬೇಕು.

ನನ್ನ ಓಡಾಟ ನಿಧಾನ ಬಂಡೆ ಹತ್ತುವುದು, ವೆಲ್ಡಿಂಗ್ ಮೆಷಿನ್ ಕೈಯಲ್ಲಿದೆ, ಗ್ರೀಸ್ ಗನ್ ಹಿಡಿಯಲು ಬೇಸರವಿಲ್ಲ. ಅದಕ್ಕೇ ತ್ರೀ-ಲಿಂಕ್. ಕಿಟ್‌ಗಿಂತ ವೆಲ್ಡಿಂಗ್ ಕೂಲಿಯೇ ನಿಮಗೆ ಭಾರವಾಗುತ್ತದೆ, ವಾರವೆಲ್ಲ ಟಾರ್ ರಸ್ತೆ, ಎಂದೋ ಒಮ್ಮೆ ಕಾಡುದಾರಿ ಅನ್ನುವುದಾದರೆ ಮೆತ್ತಗಿನ ಬುಷ್ ಇರುವ ರೇಡಿಯಸ್ ಆರ್ಮ್ ಸಾಕು. ದುಡ್ಡು ತೀರಾ ಬಿಗಿ ಇದ್ದರೆ ಡ್ರಾಪ್ ಬ್ರಾಕೆಟ್ ಹಾಕಿ ಬಂಡೆಯಿಂದ ದೂರ ಇರಿ. ಯಾವುದೇ ಆಗಲಿ, ಕಿಟ್ ಜೊತೆಗೇ ಶಾಕ್ ಆರ್ಡರ್ ಮಾಡಬೇಡಿ. ಆರ್ಮ್ ಕೂರಿಸಿ, ಸ್ಪ್ರಿಂಗ್ ಇಲ್ಲದೆ ಆಕ್ಸಲ್ ಓಡಿಸಿ, ಪೂರ್ತಿ ಕುಗ್ಗಿದ ಮತ್ತು ಪೂರ್ತಿ ಜೋತ ಅಳತೆ ಬರೆದುಕೊಂಡು, ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವುದಕ್ಕೆ ತಡೆ) ಮತ್ತು ಲಿಮಿಟ್ ಪಟ್ಟಿಯ (ಕೆಳಗಿಳಿಯುವುದಕ್ಕೆ ತಡೆ) ಉದ್ದ ನಿರ್ಧರಿಸಿದ ಮೇಲೆ ಶಾಕ್ ಕೊಳ್ಳಿ.