ಸ್ಕೋಪ್ ರಿಂಗ್ ಜೋಡಿ: ಹಿಡಿತ ಚೆನ್ನಾಗಿದೆ, ಕೈಪಿಡಿ ಸಾಲದು

ರೈಫಲ್ ಮೇಲೆ ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಹಿಡಿದಿಡುವ ಈ 30 ಎಂಎಂ ಅಲ್ಯೂಮಿನಿಯಂ ರಿಂಗ್‌ಗಳು ನನಗೆ ಇಷ್ಟವಾದವು. ಒಳಮೈ ನಯವಾಗಿದೆ, ಸ್ಕೋಪ್ ಟ್ಯೂಬಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಆದರೆ ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅಂತ ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ. ಇದು ದೊಡ್ಡ ಕೊರತೆ, ಯಾಕೆಂದರೆ ಗುಂಡು ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ಜನ ಮೊದಲು ಸ್ಕೋಪನ್ನೇ ಬೈಯುತ್ತಾರೆ, ತಪ್ಪು ನೋಡಿದರೆ ಬಹಳ ಸಲ ಸಡಿಲ ಸ್ಕ್ರೂನಲ್ಲಿರುತ್ತದೆ. ಹಾಗಂತ ಜಾಸ್ತಿ ಬಿಗಿದರೆ ಟ್ಯೂಬೇ ನೆಗ್ಗುತ್ತದೆ, ಅಲ್ವಾ? ಸಾಮಾನ್ಯವಾಗಿ ರಿಂಗ್ ಸ್ಕ್ರೂಗೆ 15ರಿಂದ 18 ಇಂಚ್-ಪೌಂಡ್ (ತಿರುಗಿಸುವ ಬಲದ ಅಳತೆ) ಸಾಕು. ಅಂದಾಜಿನಲ್ಲಿ ತಿರುಗಿಸದೆ, ಈ ಬಲವನ್ನು ಅಳೆದು ಬಿಗಿ ಮಾಡುವ ಟಾರ್ಕ್ ಡ್ರೈವರ್ ಬಳಸಿ.

ಮೊದಲು ರೈಫಲ್ ಖಾಲಿ ಇದೆಯಾ ನೋಡಿಕೊಳ್ಳಿ. ಪಿಕಾಟಿನಿ ರೈಲ್‌ಗೆ (ರೈಫಲ್ ಮೇಲಿನ ಅಡ್ಡ ಗಾಡಿಗಳಿರುವ ಪಟ್ಟಿ) ಕೂರಿಸುವಾಗ ರಿಂಗನ್ನು ಮುಂದಕ್ಕೆ, ಬ್ಯಾರೆಲ್ ತುದಿಯ ಕಡೆಗೆ ಒತ್ತಿ ಹಿಡಿದು ಬಿಗಿ ಮಾಡಿ, ಇಲ್ಲದಿದ್ದರೆ ರಿಕಾಯಿಲ್‌ಗೆ (ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವುದು) ರಿಂಗ್ ಮುಂದಕ್ಕೆ ಜಾರಬಹುದು. ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳು) ವಾಲಿದೆಯಾ ಅಂತ ತೂಗುಗುಂಡಿನ ದಾರ ನೋಡಿ ಪರೀಕ್ಷಿಸಿ. ಸ್ಕ್ರೂ ಬಿಗಿ ಮಾಡುವಾಗಲೇ ಟ್ಯೂಬ್ ತಿರುಗಿಬಿಡುತ್ತದೆ, ಅದಕ್ಕೇ ಎಕ್ಸ್ ಆಕಾರದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಎರಡೂ ಬದಿಯ ಸಂದು ಸಮವಾಗಿರಲಿ.

ವಿಂಡೇಜ್ ನಾಬ್ (ಗುರಿಯನ್ನು ಎಡಕ್ಕೆ ಬಲಕ್ಕೆ ಸರಿಸುವ ತಿರುಗುಗುಂಡಿ) ಕೊನೆಯವರೆಗೆ ತಿರುಗಿಸಿದರೂ ಗುರಿ ಮಧ್ಯಕ್ಕೆ ಬರದಿದ್ದರೆ ಬೇಸ್, ಅಂದರೆ ರಿಂಗ್ ಕೂರುವ ಪಟ್ಟಿ, ಓರೆಯಾಗಿರಬಹುದು, ಅದನ್ನು ಸರಿಪಡಿಸೋದು ಈ ರಿಂಗ್‌ಗಳ ಕೈಲಿ ಆಗಲ್ಲ. ಬೇಸ್ ನೆಟ್ಟಗಿದ್ದರೆ ಮಾತ್ರ ಇವನ್ನು ಧೈರ್ಯವಾಗಿ ತಗೊಳ್ಳಿ.