ಕೋರಾ ಮತ್ತು ಅಸಾಮಿ: ಕೈ ಹಿಡಿದು ಮುಗಿದ ಸೀರೀಸ್, ಆಮೇಲೆ ಬಂದ ಕಾಮಿಕ್ಸ್

ಕೋರಾ ಮತ್ತು ಅಸಾಮಿ ಬರೀ ಗೆಳತಿಯರೋ, ಪ್ರೇಮಿಗಳೋ ಎಂಬ ಜಗಳವೆಲ್ಲಾ ಇರುವುದು ಸೀರೀಸ್‌ನ ಕೊನೇ ಕೆಲವು ನಿಮಿಷಗಳಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. 'ದಿ ಲೆಜೆಂಡ್ ಆಫ್ ಕೋರಾ' ಎಂಬ ಅಮೆರಿಕದ ಆನಿಮೇಷನ್ ಸೀರೀಸ್ ಇನ್ನೂ ನೋಡಿಲ್ಲದವರು ನೋಡಿಕೊಂಡು ಬಂದು ಆಮೇಲೆ ಇದನ್ನು ಓದಿ.

ಯುದ್ಧ ಮುಗಿದಿದೆ. ಗೆಳೆಯರ ಮದುವೆಯೊಂದು ನಡೆದಿದೆ. ಗದ್ದಲದಿಂದ ಸ್ವಲ್ಪ ಆಚೆ ಇಬ್ಬರು ಹುಡುಗಿಯರು ಕೂತಿದ್ದಾರೆ. ಒಬ್ಬಳು ಕೋರಾ. ನೀರು, ಮಣ್ಣು, ಬೆಂಕಿ, ಗಾಳಿ ನಾಲ್ಕನ್ನೂ ಆಡಿಸಬಲ್ಲ ಅವತಾರ್. ಇನ್ನೊಬ್ಬಳು ಅಸಾಮಿ. ಅಂಥ ಯಾವ ಶಕ್ತಿಯೂ ಇಲ್ಲ, ಆದರೆ ಅಪ್ಪ ಕಟ್ಟಿದ ಕಾರ್ಖಾನೆಯನ್ನು ಒಬ್ಬಳೇ ನಡೆಸುತ್ತಾಳೆ. ಆ ಅಪ್ಪ ಇದೇ ಯುದ್ಧದಲ್ಲಿ ಮಗಳನ್ನು ಉಳಿಸಿ ತಾನು ಸತ್ತಿದ್ದಾನೆ. ನಿನ್ನನ್ನೂ ಅಪ್ಪನನ್ನೂ ಒಂದೇ ದಿನ ಕಳೆದುಕೊಂಡಿದ್ದರೆ ನನಗೆ ತಡೆಯಲು ಆಗುತ್ತಿರಲಿಲ್ಲ ಎಂದು ಅಸಾಮಿ ಹೇಳುತ್ತಾಳೆ. ಎಲ್ಲಾದರೂ ಹೋಗಿಬರೋಣ, ನಾವಿಬ್ಬರೇ, ಎನ್ನುತ್ತಾಳೆ ಕೋರಾ. ಬೆನ್ನಿಗೆ ಚೀಲ ಹಾಕಿಕೊಂಡು ಇಬ್ಬರೂ ಕೈ ಹಿಡಿದು ಆತ್ಮಗಳ ಲೋಕಕ್ಕೆ ಹೋಗುವ, ಬೆಳಕಿನ ಕಂಬದಂಥ ದ್ವಾರದೊಳಗೆ ನಡೆಯುತ್ತಾರೆ. ಒಳಗೆ ಹೋಗಿ ಎದುರುಬದುರು ನಿಲ್ಲುತ್ತಾರೆ. ಎರಡೂ ಕೈ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತಾರೆ. ಬೆಳಕು ಹೊಂಬಣ್ಣಕ್ಕೆ ತಿರುಗುತ್ತದೆ. ಅಷ್ಟೇ. ಮುತ್ತಿಲ್ಲ, 'ಪ್ರೀತಿಸುತ್ತೇನೆ' ಎಂಬ ಮಾತಿಲ್ಲ.

ಇದು ಹೊರಬಂದದ್ದು 2014ರ ಡಿಸೆಂಬರ್ 19ರಂದು. ಅವತ್ತು ಅಭಿಮಾನಿಗಳು ಹೋಳು ಹೋಳಾದರು. ಅತ್ತವರಿದ್ದರು, ಕುಣಿದವರಿದ್ದರು. ಇಬ್ಬರೂ ಬರೀ ಗೆಳತಿಯರು, ನೀವು ಸುಮ್ನೆ ಏನೇನೋ ಕಲ್ಪಿಸಿಕೊಳ್ಳುತ್ತಿದ್ದೀರಿ ಎಂದವರೂ ಇದ್ದರು. ಪ್ರೀತಿ ಸರಿ, ಆದರೆ ಆಕಾಶದಿಂದ ಉದುರಿದ ಹಾಗೆ ಬಂತು ಎಂದು ಸಿಟ್ಟಾದವರು ಕೆಲವರು. ಇನ್ನು ಕೆಲವರಿಗೆ ಉಲ್ಟಾ ಸಿಟ್ಟು. ತೋರಿಸುವ ಧೈರ್ಯ ಇಲ್ಲದೆ ಅರ್ಧಕ್ಕೆ ನಿಲ್ಲಿಸಿದರು, ನಮಗೆ ಆಸೆ ತೋರಿಸಿ ಕೈಕೊಟ್ಟರು ಎಂದು. ಮೂರು ದಿನ ಬಿಟ್ಟು, ಡಿಸೆಂಬರ್ 22ಕ್ಕೆ, ಸೀರೀಸ್ ಮಾಡಿದ ಬ್ರಯಾನ್ ಕೊನಿಯೆಟ್ಸ್‌ಕೋ ಮತ್ತು ಮೈಕೆಲ್ ಡಾಂಟೆ ಡಿಮಾರ್ಟಿನೋ ಇಬ್ಬರೂ ಬಾಯಿಬಿಟ್ಟು ಹೇಳಿದರು: ಹೌದು, ಅದು ಪ್ರೀತಿಯೇ.

ಇಷ್ಟೆಲ್ಲಾ ಆಗಿ ವರ್ಷಗಳು ಕಳೆದಿವೆ. ಆದರೂ ಈ ಬೇಸಿಗೆ ರಜೆಯಲ್ಲಿ ಗಂಗಾವತಿಯ ನನ್ನ ಚಿಕ್ಕಮ್ಮನ ಮಗಳು ಮತ್ತು ಅವಳ ಗೆಳತಿಯರು ಸೀರೀಸ್ ಮುಗಿಸಿದಾಗ ಅದೇ ಜಗಳ ಹೊಸದಾಗಿ ಶುರುವಾಯಿತು. "ಅಕ್ಕ, ನಾವೂ ಕೈ ಹಿಡ್ಕೊಂಡೇ ಕಾಲೇಜಿಗೆ ಹೋಗ್ತೀವಿ. ಹಂಗಂದ್ರೆ ಎಲ್ಲಾರೂ ಲವ್ವಾ?" ಎಂದು ಒಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಹುಡುಗಿಯರು ಕೈ ಹಿಡಿದು ನಡೆಯುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಬ್ಬರ ತಲೆ ಒಬ್ಬರು ಬಾಚುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಪ್ರೇಕ್ಷಕರಿಗೆ ಸೂಚನೆಯಾಗಿ ಕಂಡದ್ದು ಬಳ್ಳಾರಿ, ಕೊಪ್ಪಳದಲ್ಲಿ ಸೂಚನೆಯೇ ಅಲ್ಲ. ಹಾಗಾಗಿ ಕೊನೇ ದೃಶ್ಯವನ್ನು ಮಾತ್ರ ಹಿಡಿದು ವಾದ ಮಾಡಿದರೆ ಇಲ್ಲಿ ಯಾರನ್ನೂ ಒಪ್ಪಿಸಲು ಆಗುವುದಿಲ್ಲ. ಹಿಂದಕ್ಕೆ ಹೋಗಿ ನೋಡಬೇಕು.

ಹಿಂದಕ್ಕೆ ಹೋದರೆ ಸಿಗುವುದು ಪತ್ರಗಳು. ಮೂರನೇ ಸೀಸನ್ ಕೊನೆಯಲ್ಲಿ ಕೋರಾಗೆ ಪಾದರಸದ ವಿಷ ಹಾಕುತ್ತಾರೆ. ಅವಳು ಗಾಲಿಕುರ್ಚಿಯಲ್ಲಿ ಕೂರುವ ಹಾಗಾಗುತ್ತದೆ. ಅವಳನ್ನು ಸಮಾರಂಭಕ್ಕೆ ಸಿದ್ಧ ಮಾಡುವುದು ಅಸಾಮಿ. ಊರಿಗೆ ಹೋಗಿ ಸುಧಾರಿಸಿಕೊಳ್ಳುತ್ತೇನೆ ಎಂದು ಕೋರಾ ಹೊರಟಾಗ ನಾನೂ ಬರ್ತೀನಿ ಎನ್ನುವುದೂ ಅಸಾಮಿಯೇ. ಕೋರಾ ಬೇಡ ಎನ್ನುತ್ತಾಳೆ. ಆಮೇಲೆ ಮೂರು ವರ್ಷ ಅವಳು ವಾಪಸ್ ಬರುವುದಿಲ್ಲ. ಎಲ್ಲರೂ ಪತ್ರ ಬರೆಯುತ್ತಾರೆ, ಅವಳು ಯಾರಿಗೂ ಉತ್ತರ ಕೊಡುವುದಿಲ್ಲ. ಕೊನೆಗೆ ಒಬ್ಬಳಿಗೆ ಮಾತ್ರ ಬರೆಯುತ್ತಾಳೆ. ನಿನಗೆ ಬರೆದೆ ಎಂದು ಉಳಿದವರಿಗೆ ಹೇಳಬೇಡ, ಅವರಿಗೆ ನೋವಾಗುತ್ತದೆ, ಆದರೆ ಇದನ್ನೆಲ್ಲಾ ನಿನಗೆ ಹೇಳುವುದು ಸುಲಭ, ಎನ್ನುತ್ತಾಳೆ. ವಾಪಸ್ ಬಂದ ಮೇಲೆ ಅಸಾಮಿ ಅವಳ ಕತ್ತರಿಸಿದ ಕೂದಲು ಚೆನ್ನಾಗಿದೆ ಎಂದಾಗ ಕೋರಾಳ ಕೆನ್ನೆ ಕೆಂಪಾಗುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕದು.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವಳು. ಪ್ಯಾಂಟಿನ ಒಳಹೊಲಿಗೆ ಹಾಗೆ ಇದು. ಹೊರಗಿಂದ ನೋಡಿದರೆ ಕಾಣುವುದಿಲ್ಲ, ತಿರುವಿ ನೋಡಿದರೆ ಇಡೀ ಪ್ಯಾಂಟು ಅದರ ಮೇಲೇ ನಿಂತಿರುತ್ತದೆ. ಆಕಾಶದಿಂದ ಉದುರಿತು ಎನ್ನುವವರು ತಿರುವಿ ನೋಡಿಲ್ಲ. ಇದೇ ಸೀರೀಸ್‌ನಲ್ಲಿ ಕೋರಾ ಮತ್ತು ಮಾಕೋ ಎಂಬ ಹುಡುಗ ಎದುರಾದ ಸ್ವಲ್ಪ ಹೊತ್ತಿಗೇ ಇವರಿಬ್ಬರು ಜೋಡಿ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟರು. ಅವನಿಗೆ ಯಾರೂ ಸಾಕ್ಷಿ ಕೇಳಲಿಲ್ಲ. ಅಸಾಮಿಗೆ ಮಾತ್ರ ಎರಡು ಸೀಸನ್‌ನಷ್ಟು ಸಾಕ್ಷಿ ಇದ್ದರೂ ಸಾಲುವುದಿಲ್ಲ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾನು ಒಬ್ಬ ಹುಡುಗಿಯನ್ನು ಪ್ರೀತಿಸಿದವಳು. ಅದನ್ನು ಬಿಟ್ಟು ಈ ರಿವ್ಯೂ ಬರೆದರೆ ಮುಖ್ಯವಾದದ್ದನ್ನೇ ಮುಚ್ಚಿಟ್ಟ ಹಾಗೆ. ನಮ್ಮಿಬ್ಬರ ನಡುವೆಯೂ ಪತ್ರಗಳಿದ್ದವು, ಮೆಸೇಜುಗಳಿದ್ದವು. ಯಾರಾದರೂ ಓದಿದರೆ ಎಂದು ಹೆದರಿ, ಯಾವ ಪದವನ್ನೂ ನೇರವಾಗಿ ಬರೆಯದೆ ಎಲ್ಲವನ್ನೂ ಹೇಳುತ್ತಿದ್ದೆವು. ಈ ಸೀರೀಸ್ ಮುಗಿದ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಎನ್ನುವ 377ನೇ ಸೆಕ್ಷನ್ ಜಾರಿಯಲ್ಲಿತ್ತು. ದೆಹಲಿ ಹೈಕೋರ್ಟ್ ಕೊಟ್ಟಿದ್ದ ಬಿಡುಗಡೆಯನ್ನು 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿ ಒಂದು ವರ್ಷವಾಗಿತ್ತು. ಅಂಥ ಹೊತ್ತಲ್ಲಿ ಮಕ್ಕಳ ಚಾನೆಲ್ಲೊಂದರ ಸೀರೀಸ್ ಇಬ್ಬರು ಹುಡುಗಿಯರ ಮೇಲೆ ಮುಗಿಯಿತು ಎಂದರೆ ನನಗೆ ಅದು ಅರ್ಧಂಬರ್ಧ ಅನಿಸಲಿಲ್ಲ. ಬಾಯಿಬಿಟ್ಟು ಹೇಳದೆ ಹೇಳುವುದು ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಆ ನೋಟ ಪೂರ್ತಿ ಅರ್ಥವಾಗುತ್ತದೆ.

ಹಾಗಂತ ಧೈರ್ಯ ಸಾಲಲಿಲ್ಲ ಎಂದವರ ಸಿಟ್ಟು ಸುಳ್ಳಲ್ಲ. ಗಂಡು ಹೆಣ್ಣಿನ ಜೋಡಿಗಳಿಗೆ ಇದೇ ಸೀರೀಸ್‌ನಲ್ಲಿ ಮುತ್ತು ಸಿಗುತ್ತದೆ, ಮದುವೆ ಸಿಗುತ್ತದೆ. ಚಾನೆಲ್ಲಿನವರ ಬಳಿ ಮಾತಾಡಿದೆವು, ಅವರು ಬೆಂಬಲಿಸಿದರು, ಆದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಮಿತಿ ಇತ್ತು ಎಂದು ಕೊನಿಯೆಟ್ಸ್‌ಕೋ ಅವರೇ ಬರೆದರು. ಆ ಮಿತಿ ಹಾಕಿದ್ದು ತಪ್ಪು. ಆದರೆ ಮಿತಿಯೊಳಗೆ ಕೆಲಸ ಮಾಡಿದವರನ್ನೇ ಹೇಡಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ಸೀರೀಸ್‌ನ ಕಥೆ ಗೊತ್ತಿದ್ದರೆ ನೀವೂ ಅನ್ನುವುದಿಲ್ಲ. ಮೂರನೇ ಸೀಸನ್ ನಡುವೆಯೇ ನಿಕಲೋಡಿಯನ್ ಇದನ್ನು ಟಿವಿಯಿಂದ ತೆಗೆದು ಆನ್‌ಲೈನ್‌ಗೆ ಹಾಕಿತು. ನಾಲ್ಕನೇ ಸೀಸನ್‌ಗೆ ಸುಮಾರು ಒಂದು ಎಪಿಸೋಡಿನಷ್ಟು ಹಣ ಕಡಿತವಾಯಿತು. ಆಗ ಇವರ ಮುಂದೆ ಎರಡು ದಾರಿ ಇತ್ತು. ಕೆಲಸಗಾರರಲ್ಲಿ ಕೆಲವರನ್ನು ಅವಧಿಗೆ ಮುಂಚೆ ಮನೆಗೆ ಕಳಿಸಬೇಕು, ಇಲ್ಲವೇ ಹಳೆ ದೃಶ್ಯಗಳನ್ನೇ ಜೋಡಿಸಿ ಒಂದು ಎಪಿಸೋಡ್ ಮಾಡಬೇಕು. ಅವರು ಎರಡನೆಯದನ್ನು ಆರಿಸಿಕೊಂಡರು. 'ರಿಮೆಂಬರೆನ್ಸಸ್' ಎಂಬ ಎಂಟನೇ ಎಪಿಸೋಡ್ ಅದೇ. ಸೀರೀಸ್‌ನಲ್ಲೇ ಕಳಪೆ ಎಂದು ಎಲ್ಲರೂ ಬೈಯುತ್ತಾರೆ, ನೋಡಲು ಬೋರ್ ಹೊಡೆಯುವುದೂ ನಿಜ. ಆದರೆ ಆರ್ಡರ್ ಕಡಿಮೆಯಾದ ವಾರವೇ ಹೊಲಿಗೆಯವರಿಗೆ ನಾಳೆಯಿಂದ ಬರಬೇಡಿ ಎನ್ನುವುದನ್ನು ನೋಡುತ್ತಲೇ ಇರುವ ನನಗೆ ಆ ಎಪಿಸೋಡ್ ಬಗ್ಗೆ ದೊಡ್ಡ ಗೌರವ.

ಈಗ ಕಾಮಿಕ್ಸ್. 'ಟರ್ಫ್ ವಾರ್ಸ್' ಹೆಸರಿನಲ್ಲಿ ಮೂರು ಭಾಗ, ಡಾರ್ಕ್ ಹಾರ್ಸ್ ಪ್ರಕಾಶನ. ಮೊದಲ ಭಾಗ 2017ರಲ್ಲಿ ಬಂತು, ಮುಂದಿನ ಎರಡು 2018ರಲ್ಲಿ. ಬರೆದವರು ಡಿಮಾರ್ಟಿನೋ, ಚಿತ್ರ ಐರೀನ್ ಕೋ. ಸೀರೀಸ್ ನಿಂತ ಜಾಗದಿಂದಲೇ ಇದು ಶುರುವಾಗುತ್ತದೆ. ಆ ದ್ವಾರದ ಆಚೆ ಇಬ್ಬರೇ ಇದ್ದಾಗ ಏನಾಯಿತು ಎಂಬುದನ್ನು ತೋರಿಸುತ್ತದೆ. ಮುತ್ತು ಇದೆ. ಯಾವ ಮುಚ್ಚುಮರೆಯೂ ಇಲ್ಲ.

ಆದರೆ ನಾನು ಈ ಪುಸ್ತಕ ಎಲ್ಲರಿಗೂ ಓದಿ ಎನ್ನುವುದು ಮುತ್ತಿಗಾಗಿ ಅಲ್ಲ. ಅದರಾಚೆ ಬರುವ ಒಂದು ಪ್ರಸಂಗಕ್ಕಾಗಿ. ಇಬ್ಬರೂ ಕೋರಾಳ ಅಪ್ಪ ಅಮ್ಮನ ಬಳಿ ಹೋಗಿ ವಿಷಯ ಹೇಳುತ್ತಾರೆ. ಅಪ್ಪ ಅಮ್ಮ ಬೈಯುವುದಿಲ್ಲ. ಸಂತೋಷವನ್ನೇ ಪಡುತ್ತಾರೆ. ಆಮೇಲೆ ಅಪ್ಪ ಟೊನ್ರಾಕ್ ಒಂದು ಮಾತು ಸೇರಿಸುತ್ತಾನೆ. ಎಲ್ಲರಿಗೂ ಹೇಳುವ ಮುಂಚೆ ಸ್ವಲ್ಪ ಯೋಚನೆ ಮಾಡು, ಎಲ್ಲರೂ ನಮ್ಮ ಹಾಗೆ ಒಪ್ಪುವುದಿಲ್ಲ, ಎಂದು. ಕೋರಾ ಸಿಡಿದೇಳುತ್ತಾಳೆ. ಅಲ್ಲಿಂದ ಹೊರಟೇಬಿಡುತ್ತಾಳೆ.

ಆ ಪುಟಗಳನ್ನು ನಾನು ಓದಿ ಪುಸ್ತಕ ಕೆಳಗಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದೆ. ನಮ್ಮ ಮನೆಗಳಲ್ಲಿ ಒಳ್ಳೆಯ ತಂದೆ ತಾಯಿ ಹೇಳುವ ಮಾತು ಇದೇ ಅಲ್ವಾ? "ನಮಗೇನಿಲ್ಲವಾ, ನಾಲ್ಕು ಮಂದಿ ಏನಂತಾರ?" ಅದು ಕೆಟ್ಟ ಮನಸ್ಸಿನ ಮಾತಲ್ಲ. ಮಗಳಿಗೆ ನೋವಾಗಬಾರದು ಎಂಬ ಭಯ. ಆದರೂ ಅದನ್ನು ಕೇಳಿಸಿಕೊಳ್ಳುವ ಮಗಳಿಗೆ ಬಾಗಿಲು ಅರ್ಧ ತೆರೆದು ಅರ್ಧ ಹಾಕಿದ ಹಾಗೆಯೇ. ಈ ಕಾಮಿಕ್ಸ್ ಎರಡನ್ನೂ ನ್ಯಾಯವಾಗಿ ತೋರಿಸಿದೆ. ಅಪ್ಪನನ್ನು ಖಳನಾಯಕ ಮಾಡಿಲ್ಲ, ಮಗಳ ಸಿಟ್ಟನ್ನು ಸಣ್ಣದು ಮಾಡಿಲ್ಲ.

ಮುಂದೆ ಕಾಯಾ ಎಂಬ ಹಿರಿಯ ಹೆಂಗಸು ಇವರಿಗೆ ಹಳೆಯದನ್ನು ಹೇಳುತ್ತಾಳೆ. ಅವಳೂ ಹೆಣ್ಣನ್ನು ಪ್ರೀತಿಸಿದವಳೇ. ಕೋರಾ ಹುಟ್ಟಿದ ನೀರಿನ ಬುಡಕಟ್ಟಿನವರು ಇಂಥದ್ದನ್ನು ಮನೆಯೊಳಗೇ ಇಡುತ್ತಾರೆ, ಗಾಳಿಯ ಸನ್ಯಾಸಿಗಳು ಮುಕ್ತವಾಗಿ ಒಪ್ಪುತ್ತಿದ್ದರು, ಬೆಂಕಿಯ ರಾಜ್ಯದಲ್ಲಿ ಸೋಜಿನ್ ಎಂಬ ರಾಜ ಇದನ್ನು ನಿಷೇಧಿಸಿದ, ಹಿಂದಿನ ಅವತಾರ್ ಕ್ಯೋಶಿ ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸಿದವಳು. ಕೆಲವು ಅಭಿಮಾನಿಗಳಿಗೆ ಈ ಭಾಗ ಪಾಠ ಓದಿದ ಹಾಗೆ ಅನಿಸಿತು. ನನಗೆ ಅನಿಸಲಿಲ್ಲ. ಹುಲಿಗೆಮ್ಮನ ಗುಡಿಗೆ ಬರುವ ಜೋಗತಿಯರಿಗೆ ನಮ್ಮ ಮನೆಯ ಹೆಂಗಸರು ಕೈ ಮುಗಿಯುತ್ತಾರೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆಯವರು ಎಂದು ಎಲ್ಲರೂ ಹೆಮ್ಮೆಪಟ್ಟೆವು. ಆ ವಿಷಯ ಬೇರೆ, ಇದು ಬೇರೆ, ಗೊತ್ತು. ಆದರೆ ಯಾವುದನ್ನು ಒಪ್ಪಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನು ಪ್ರತಿ ಊರೂ ತನ್ನದೇ ರೀತಿಯಲ್ಲಿ ತೀರ್ಮಾನ ಮಾಡಿಕೊಂಡಿರುತ್ತದೆ. ತನಗಿಂತ ಮುಂಚೆಯೂ ತನ್ನಂಥವರು ಇದ್ದರು ಎಂದು ಒಬ್ಬ ಹಿರಿಯಳ ಬಾಯಲ್ಲಿ ಕೇಳುವುದು ಕೋರಾಗೆ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು.

ಕೊರತೆಗಳೂ ಇವೆ. ಕಾಮಿಕ್ಸ್‌ನ ಉಳಿದ ಕಥೆ ಸಾಧಾರಣ. ದ್ವಾರದ ಸುತ್ತಲ ಜಾಗ ಕಬಳಿಸಲು ಬರುವ ಉದ್ಯಮಿ, ಟೊಕುಗಾ ಎಂಬ ರೌಡಿ, ನಿರಾಶ್ರಿತರು, ಚುನಾವಣೆ. ಎಲ್ಲವೂ ಓಡೋಡಿ ಮುಗಿಯುತ್ತದೆ. ಅಸಾಮಿಯನ್ನು ಎತ್ತಿಕೊಂಡು ಹೋಗುವ ಭಾಗ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಇಷ್ಟು ಗಟ್ಟಿ ಹೆಣ್ಣನ್ನು ಕಟ್ಟಿಹಾಕಿ, ಇನ್ನೊಬ್ಬಳು ಬಂದು ಬಿಡಿಸಬೇಕಿತ್ತೇ?

ಸೀರೀಸ್‌ನ ದೊಡ್ಡ ಕೊರತೆಯೂ ಅಸಾಮಿಯ ವಿಷಯದಲ್ಲೇ. ಕೊನೇ ದೃಶ್ಯ ಅಸ್ಪಷ್ಟವಾಗಿದೆ ಎಂಬುದಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಕೋರಾಳ ಮೂರು ವರ್ಷಗಳ ನೋವನ್ನು ಒಂದಿಡೀ ಎಪಿಸೋಡ್‌ನಲ್ಲಿ ಹತ್ತಿರದಿಂದ ತೋರಿಸುತ್ತಾರೆ. ಅದೇ ಮೂರು ವರ್ಷ ಅಸಾಮಿ ಹೇಗೆ ಕಳೆದಳು? ಜೈಲಿನಲ್ಲಿರುವ ಅಪ್ಪ, ಒಬ್ಬಳೇ ನಡೆಸುವ ಕಂಪನಿ, ಉತ್ತರ ಬರದ ಪತ್ರಗಳು. ಒಂದು ಎಪಿಸೋಡ್ ಅವಳಿಗೂ ಕೊಟ್ಟಿದ್ದರೆ, ಅವಳ ಮೇಜು, ಅವಳ ರಾತ್ರಿ, ಆ ಒಂದು ಪತ್ರ ಕೈಗೆ ಬಂದ ದಿನ ತೋರಿಸಿದ್ದರೆ, ಅನುಮಾನ ಯಾರಿಗೂ ಉಳಿಯುತ್ತಿರಲಿಲ್ಲ. ಮುತ್ತಿಗೆ ಚಾನೆಲ್ ಅಡ್ಡ ಬರಬಹುದಿತ್ತು. ಇದಕ್ಕೆ ಯಾರೂ ಅಡ್ಡ ಬರುತ್ತಿರಲಿಲ್ಲ.

ನೋಡುವವರಿಗೆ ಒಂದೆರಡು ಮಾತು. ಒಟ್ಟು 52 ಎಪಿಸೋಡ್. ಇದಕ್ಕೆ ಮುಂಚೆ ಬಂದ ಸೀರೀಸ್ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ನೋಡಿರದಿದ್ದರೂ ಕಥೆ ಅರ್ಥವಾಗುತ್ತದೆ, ನೋಡಿದ್ದರೆ ಒಳ್ಳೆಯದು. ಎರಡನೇ ಸೀಸನ್ ಅರ್ಧದವರೆಗೆ ಎಳೆಯುತ್ತದೆ, ಬಿಟ್ಟುಬಿಡಬೇಡಿ. ಅದರ ನಡುವೆ ಮೊದಲ ಅವತಾರ್ ವಾನ್‌ನ ಕಥೆ ಹೇಳುವ ಎರಡು ಎಪಿಸೋಡ್ ಇವೆ, ಬಹಳ ಚೆಂದ. ಮೂರನೇ ಸೀಸನ್ ಎಲ್ಲಕ್ಕಿಂತ ಮೇಲು. ಅದರ ಮೊದಲ ಎಪಿಸೋಡ್‌ನಲ್ಲಿ ಅಸಾಮಿ ಕೋರಾಗೆ ಕಾರು ಓಡಿಸಲು ಕಲಿಸುತ್ತಾಳೆ, ಅಲ್ಲಿಂದ ಕಣ್ಣಿಟ್ಟು ನೋಡಿ.

ಕಾಮಿಕ್ಸ್ ಇಂಗ್ಲಿಷ್‌ನಲ್ಲಿದೆ, ಭಾಷೆ ಸರಳ, ಪಿಯುಸಿ ಹುಡುಗಿಯರಿಗೆ ಕಷ್ಟವಾಗುವುದಿಲ್ಲ. ಮೂರನ್ನೂ ಸೇರಿಸಿದ ದೊಡ್ಡ ಸೈಜಿನ ಗಟ್ಟಿ ರಟ್ಟಿನ ಪುಸ್ತಕವೂ ಇದೆ. ನನ್ನ ಮಟ್ಟಿಗೆ ಅದು ದುಬಾರಿ. ಬಿಡಿ ಭಾಗಗಳಲ್ಲಿ ಮೊದಲನೆಯದೊಂದನ್ನು ತರಿಸಿಕೊಂಡರೂ ಸಾಕು, ಅಪ್ಪ ಅಮ್ಮನ ಪ್ರಸಂಗ ಅದರಲ್ಲೇ ಇದೆ. ನನ್ನ ಪ್ರತಿ ಸದ್ಯಕ್ಕೆ ಗಂಗಾವತಿಯಲ್ಲಿದೆ. ಕೈ ಹಿಡಿಯುವ ಬಗ್ಗೆ ಕೇಳಿದ ಹುಡುಗಿಯೇ ಮೊದಲು ತೆಗೆದುಕೊಂಡಿದ್ದಾಳೆ.